ತಣ್ಣಗಿನ ಎಂಜಿನ್ನಿನ ಮೊದಲ ಮೂರು ಸೆಕೆಂಡು

ಹಲವು ವರ್ಷಗಳ ಹಿಂದೆ ನಾನು ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಲು ಹೋದಾಗ, ನಾನು ತಲುಪುವಷ್ಟರಲ್ಲಿ ಅದರ ಮಾಲೀಕರು ಎಂಜಿನ್ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರು. “ನೀವು ಬಂದ ಮೇಲೆ ಕಾಯಿಸುವುದು ಬೇಡವೆಂದು ಒಂದು ಸುತ್ತು ಓಡಿಸಿ ತಂದಿಟ್ಟೆ” ಎಂದರು. ಆ ಮಾತಿನಲ್ಲಿ ನನಗೆ ಸೌಜನ್ಯವೇ ಕಂಡಿತು. ಬಾನೆಟ್ ತೆರೆದರೆ ಒಳಗೆಲ್ಲ ತೊಳೆದು ಒರೆಸಿದ ಹೊಳಪು. ಎಲ್ಲಿಯೂ ಆಯಿಲ್ ಜಿನುಗಿದ ಗುರುತಿರಲಿಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ಏರುಪೇರಿಲ್ಲದೆ ಒಂದೇ ಸಮನೆ ಓಡುತ್ತಿತ್ತು. ಹತ್ತು ಕಿಲೋಮೀಟರಿನಷ್ಟು ಓಡಿಸಿ ನೋಡಿದೆ. ಪಿಕಪ್ ಚೆನ್ನಾಗಿತ್ತು, ಗೇರುಗಳು ಸಲೀಸಾಗಿ ಬೀಳುತ್ತಿದ್ದವು, ಸೈಲೆನ್ಸರಿನಿಂದ ಹೊಗೆ ಕಾಣಲಿಲ್ಲ. ಅಂದು ಸಂಜೆಯೇ ಮಾತು ಮುಗಿಸಿ ಮುಂಗಡ ಕೊಟ್ಟೆ.

ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ, ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ, ತಗಡಿನ ಡಬ್ಬಿಗೆ ಮೊಳೆಗಳನ್ನು ಹಾಕಿ ಕುಲುಕಿದಂಥ ಸದ್ದು ಕೇಳಿಸಿತು. ಮೂರು ಸೆಕೆಂಡು ಇದ್ದಿರಬೇಕು, ಅಷ್ಟೇ. ಆಮೇಲೆ ಹಿಂದಿನ ದಿನದ ಅದೇ ಹಿತವಾದ ಓಟ. ಆ ದಿನ ಮತ್ತೆಷ್ಟು ಬಾರಿ ಸ್ಟಾರ್ಟ್ ಮಾಡಿದರೂ ಸದ್ದು ಮರುಕಳಿಸಲಿಲ್ಲ. ಅದರ ಮರುದಿನ ಬೆಳಿಗ್ಗೆ ಪುನಃ ಬಂತು. ಚಳಿ ಇರಬೇಕು, ಹಳೆಯ ಗಾಡಿ ಅಲ್ಲವೇ, ಪೆಟ್ರೋಲ್ ಬದಲಿಸಿ ನೋಡೋಣ ಎಂದೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತ ನಾಲ್ಕು ತಿಂಗಳು ಕಳೆದೆ. ಮನಸ್ಸು ಒಮ್ಮೆ ಒಪ್ಪಿಕೊಂಡ ವಸ್ತುವಿನ ವಿಷಯದಲ್ಲಿ ಕಿವಿ ಎಷ್ಟು ಬೇಗ ಮಂದವಾಗುತ್ತದೆ ಎಂಬುದು ನನಗೆ ತಿಳಿದದ್ದು ಆ ನಾಲ್ಕು ತಿಂಗಳಲ್ಲಿ.

ಬ್ರೇಕಿನ ಕೆಲಸಕ್ಕೆಂದು ಆ ಕಾರನ್ನು ಒಂದು ರಾತ್ರಿ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಹೋದಾಗ ಅವರು ಬ್ರೇಕಿನ ಮಾತೆತ್ತಲೇ ಇಲ್ಲ. “ಈ ಸದ್ದನ್ನು ಎಷ್ಟು ದಿನದಿಂದ ಕೇಳುತ್ತಿದ್ದೀರಿ?” ಎಂದರು. ನಾನು ತಿಂಗಳುಗಳ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರು ಇನ್ನೊಂದು ರಾತ್ರಿ ಅಲ್ಲೇ ನಿಲ್ಲಲಿ, ನಾಳೆ ಬೆಳಿಗ್ಗೆ ನೀವೇ ಬಂದು ಕೇಳಿ ಎಂದರು. ಮರುದಿನ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮುಂದಿನ ಮುಚ್ಚಳದ ಮೇಲೆ ಊರಿ, ಹಿಡಿಯನ್ನು ನನ್ನ ಕಿವಿಯ ಪಕ್ಕದ ಮೂಳೆಗೆ ಒತ್ತಿ ಹಿಡಿಯುವಂತೆ ಹೇಳಿ, ತಾವು ಹೋಗಿ ಕೀಲಿ ತಿರುಗಿಸಿದರು. ಹೊರಗಿನಿಂದ ಮೊಳೆ ಕುಲುಕಿದಂತೆ ಕೇಳುತ್ತಿದ್ದ ಸದ್ದು ಒಳಗಿನಿಂದ ಸರಪಳಿಯೊಂದು ಗೋಡೆಗೆ ಬಡಿಯುತ್ತಿರುವಂತೆ ಕೇಳಿಸಿತು. ನಿಜಕ್ಕೂ ಅದು ಸರಪಳಿಯೇ ಆಗಿತ್ತು, ವಾಲ್ವುಗಳು ತಕ್ಕ ಸಮಯಕ್ಕೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್.

ಅವರು ವಿವರಿಸಿದ್ದನ್ನು ನಾನು ಈಗಲೂ ಹಳೆಯ ಕಾರು ನೋಡುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲಿನ ಒತ್ತಡದಿಂದ. ರಾತ್ರಿಯಿಡೀ ನಿಂತಾಗ ಆಯಿಲ್ ಕೆಳಗಿಳಿಯುತ್ತದೆ. ಬೆಳಿಗ್ಗೆ ಒತ್ತಡ ಮತ್ತೆ ಏರುವವರೆಗಿನ ಆ ಎರಡು ಮೂರು ಸೆಕೆಂಡು ಸವೆದ ಚೈನ್ ಸಡಿಲವಾಗಿ ಬಡಿದಾಡುತ್ತದೆ, ಒತ್ತಡ ಬಂದ ಕೂಡಲೇ ಸುಮ್ಮನಾಗುತ್ತದೆ. ಚೈನ್ ‘ಉದ್ದವಾಗಿದೆ’ ಎಂದು ನಾವು ಹೇಳುವಾಗ ಉಕ್ಕು ಎಳೆದುಕೊಂಡು ಬೆಳೆದಿರುವುದಿಲ್ಲ; ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆದು, ಆ ಸವಕಳಿಗಳೆಲ್ಲ ಕೂಡಿ ಚೈನಿನ ಉದ್ದವಾಗಿ ಕಾಣುತ್ತವೆ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದಷ್ಟೂ, ಮಸಿ ತುಂಬಿದ ಆ ಆಯಿಲೇ ಪಿನ್ನುಗಳನ್ನು ತೇಯುತ್ತದೆ. ಕೊನೆಗೆ ಚೈನ್ ಹಲ್ಲು ಜಿಗಿದರೆ ವಾಲ್ವುಗಳು ತೆರೆಯುವ ಸಮಯ ತಪ್ಪಿ, ಹಲವು ಎಂಜಿನ್ನುಗಳಲ್ಲಿ ಮೇಲೇರಿ ಬರುವ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ. ಅಲ್ಲಿಗೆ ಮಾತು ರಿಪೇರಿಯಿಂದ ಎಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುತ್ತದೆ.

ಸಕಾಲದಲ್ಲಿ ಚೈನ್ ಬದಲಿಸಿದ್ದರಿಂದ ನನ್ನ ಕಾರು ಉಳಿಯಿತು. ಹಿಂದಿನ ಮಾಲೀಕರು ನನಗೆ ಬೇಕೆಂದೇ ಮೋಸ ಮಾಡಿದರೆಂದು ನಾನು ಹೇಳಲಾರೆ. ನಾಲ್ಕೇ ತಿಂಗಳಲ್ಲಿ ನನ್ನ ಕಿವಿಗೆ ಆ ಸದ್ದು ರೂಢಿಯಾಗಿತ್ತು ಎಂದ ಮೇಲೆ, ವರ್ಷಗಟ್ಟಲೆ ಓಡಿಸಿದವರಿಗೆ ಅದು ಕೇಳಿಸುವುದೇ ನಿಂತಿದ್ದಿರಬಹುದು. ಆದರೆ ಬಿಸಿ ಎಂಜಿನ್ನಿನ ಮುಂದೆ ನಿಂತು ನಾನು ಮಾಡಿದ ಪರೀಕ್ಷೆಯಲ್ಲಿ, ಪರೀಕ್ಷಿಸಲೇಬೇಕಾಗಿದ್ದ ಮೂರು ಸೆಕೆಂಡುಗಳು ಮೊದಲೇ ಕಳೆದುಹೋಗಿದ್ದವು.

ಹುಟ್ಟಿನಿಂದ ಬಂದದ್ದು, ಬಾಳಿನಿಂದ ಬಂದದ್ದು

ಹಳೆಯ ಎಂಜಿನ್ನಿನ ಅಪಾಯವನ್ನು ಅಂದಾಜು ಮಾಡುವಾಗ ನಾವು ಎರಡು ಬೇರೆ ಪ್ರಶ್ನೆಗಳನ್ನು ಕಲಸಿಬಿಡುತ್ತೇವೆ. ಈ ಎಂಜಿನ್ ಹುಟ್ಟುವಾಗಲೇ ಯಾವ ದೌರ್ಬಲ್ಯ ಹೊತ್ತು ಬಂದಿದೆ ಎಂಬುದು ಒಂದು. ಬಂದ ಮೇಲೆ ಅದನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಮನೆಯಲ್ಲಿ ಕೂತು ಓದಿದರೆ ಸಿಗುತ್ತದೆ, ಎರಡನೆಯದಕ್ಕೆ ಆ ಒಂದು ಕಾರಿನ ಎದುರು ನಿಲ್ಲಲೇಬೇಕು. ‘ಆ ಕಂಪನಿಯ ಗಾಡಿ ಗಟ್ಟಿ’ ಎನ್ನುವ ಮಾತು ಎರಡೂ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ದೌರ್ಬಲ್ಯಗಳು ಕಂಪನಿಯ ಹೆಸರಿಗೆ ಅಂಟಿಕೊಂಡಿರುವುದಕ್ಕಿಂತ ಹೆಚ್ಚಾಗಿ ಒಂದು ನಿರ್ದಿಷ್ಟ ಎಂಜಿನ್ನಿಗೆ, ಅದು ತಯಾರಾದ ಕೆಲವು ವರ್ಷಗಳಿಗೆ ಅಂಟಿಕೊಂಡಿರುತ್ತವೆ. 2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಕಂಪನಿ ಅಮೆರಿಕದಲ್ಲಿ 2011 ಮತ್ತು 2012ರ ಮಾದರಿಯ ಸುಮಾರು 4,70,000 ಸೊನಾಟಾ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಥೀಟಾ 2 ಸರಣಿಯ ಎಂಜಿನ್ನಿನಲ್ಲಿ, ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕಡೆಯುವಾಗ ಉಳಿದ ಲೋಹದ ಚೂರುಗಳು ಆಯಿಲಿನ ದಾರಿಯನ್ನು ಕಟ್ಟಿ, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು, ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗುವ ಅಪಾಯವಿತ್ತು. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ಕೂಡ 2024ರ ಮೇ ತಿಂಗಳಿನಲ್ಲಿ ಅಂಥದೇ ಕಾರಣಕ್ಕೆ, ಎಂಜಿನ್ನಿನೊಳಗೆ ಉಳಿದಿರಬಹುದಾದ ಕಡೆತದ ಚೂರುಗಳಿಗಾಗಿ, ಸುಮಾರು 1,02,000 ಟುಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ಕರೆಸಿಕೊಳ್ಳಬೇಕಾಯಿತು. ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಅದರ ಮೊದಲ ವರ್ಷಗಳ ಎಂಜಿನ್ನುಗಳ ಚೈನ್ ಬೇಗ ಸವೆಯುವುದಕ್ಕೆ ಹೆಸರಾಗಿತ್ತು, ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕಾಗಿದ್ದರಿಂದ ಸಣ್ಣ ಭಾಗದ ದೋಷವೇ ದೊಡ್ಡ ಖರ್ಚಾಗುತ್ತಿತ್ತು. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್ ಮತ್ತು ಪೂಜೋ, ಸಿಟ್ರೊಯೆನ್ ಕಾರುಗಳ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನುಗಳ ಹಲವು ವರ್ಷಗಳ ಮಾದರಿಗಳಲ್ಲಿ ಚೈನಿನ ಕೆಲಸವನ್ನೇ ಮಾಡುವ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ತೊಯ್ದು ಓಡುತ್ತದೆ. ಬೆಲ್ಟಿನ ರಬ್ಬರು ಉದುರತೊಡಗಿದರೆ ಆ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತವೆ, ಬೆಲ್ಟ್ ಹರಿಯುವ ಮೊದಲೇ ಆಯಿಲ್ ಸಿಗದೆ ಎಂಜಿನ್ ಕೆಡಬಹುದು.

ಇವನ್ನೆಲ್ಲ ಹೇಳಿದ್ದು ಯಾವ ಕಾರನ್ನೂ ದೂಷಿಸುವುದಕ್ಕಲ್ಲ. ಇವುಗಳಲ್ಲಿ ಎಷ್ಟೋ ಕಾರುಗಳು ಭಾಗ ಬದಲಾಗಿ, ಎಂಜಿನ್ ಬದಲಾಗಿ, ಚೆನ್ನಾಗಿ ಓಡುತ್ತಿವೆ. ಆದ್ದರಿಂದ ಮಾದರಿಯ ಹೆಸರು ಸಾಲದು. ಎಂಜಿನ್ ಕೋಡ್ ಯಾವುದು, ತಯಾರಾದ ತಿಂಗಳು ಯಾವುದು, ಚಾಸಿಸ್ ನಂಬರಿನ ಮೇಲೆ ವಾಪಸಾತಿಯ ಕೆಲಸ ಬಾಕಿ ಇದೆಯೇ ಎಂದು ಕೇಳಬೇಕು. ಹುಟ್ಟಿನ ದೌರ್ಬಲ್ಯ ಗೊತ್ತಿದ್ದರೆ ಅದಕ್ಕೊಂದು ಬೆಲೆ ಕಟ್ಟಬಹುದು, ಆ ಭಾಗವನ್ನು ಈಗಾಗಲೇ ಬದಲಿಸಿದ ರಸೀದಿ ಕೇಳಬಹುದು. ಅತ್ಯಂತ ಕುಖ್ಯಾತ ಎಂಜಿನ್ನೂ ಅಂಥ ಒಂದು ರಸೀದಿಯೊಂದಿಗೆ ಬಂದಾಗ, ಹೆಸರು ಕೆಡಿಸಿಕೊಳ್ಳದ ಆದರೆ ಹಿನ್ನೆಲೆಯೇ ತಿಳಿಯದ ಎಂಜಿನ್ನಿಗಿಂತ ನನಗೆ ಹೆಚ್ಚು ಭರವಸೆ ಕೊಡುತ್ತದೆ.

ಮೀಟರಿನಲ್ಲಿ ಕಾಣದ ಓಟ

ಬಾಳಿನಿಂದ ಬಂದ ಸವೆತವನ್ನು ಅಳೆಯಲು ನಾವು ಮೊದಲು ನೋಡುವುದು ಓಡಿದ ಕಿಲೋಮೀಟರನ್ನು. ಅಂಕಿಯನ್ನು ತಿದ್ದಿರಬಹುದೆಂಬ ಅನುಮಾನ ಎಲ್ಲರಿಗೂ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು, ಅಂಕಿ ನಿಜವೇ ಎಂದುಕೊಂಡರೂ ಅದು ಹೇಳುವುದು ಅರ್ಧ ಕಥೆ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದು ಬಿಸಿಯಾಗುವ ಹಾದಿಯಲ್ಲಿ, ಆಯಿಲ್ ಇನ್ನೂ ಮಂದವಾಗಿ, ಸಿಲಿಂಡರಿನ ಗೋಡೆಗೆ ಇಂಧನ ತಾಗಿ ಆಯಿಲಿನ ಪದರ ತೊಳೆದುಹೋಗುವ ಹೊತ್ತಿನಲ್ಲಿ. ದಿನಕ್ಕೆ ಎರಡು ಬಾರಿ ಮೂರು ಮೂರು ಕಿಲೋಮೀಟರ್ ಓಡಿ ನಿಂತ ಕಾರಿನ ಆಯಿಲ್ ಎಂದೂ ಸರಿಯಾಗಿ ಕಾಯುವುದೇ ಇಲ್ಲ. ಅದರಲ್ಲಿ ಸೇರಿದ ನೀರಿನ ಅಂಶವೂ ಪೆಟ್ರೋಲೂ ಆವಿಯಾಗಿ ಹೋಗದೆ ಉಳಿಯುತ್ತವೆ. ಅಂಥ ಕಾರು 30,000 ಕಿ.ಮೀ. ತೋರಿಸುತ್ತಿದ್ದರೂ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹದವಾಗಿ ಓಡಿ 1,50,000 ಕಿ.ಮೀ. ತೋರಿಸುವ ಕಾರಿಗಿಂತ ಒಳಗೆ ಹೆಚ್ಚು ಕೊಳೆ ಕಟ್ಟಿರಬಹುದು. ಡೀಸೆಲ್ ಕಾರಾದರೆ ಇನ್ನೊಂದು ಸಂಗತಿ ಸೇರುತ್ತದೆ: ಸೈಲೆನ್ಸರಿನ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕವು ಆ ಮಸಿಯನ್ನು ಸುಟ್ಟು ಶುದ್ಧವಾಗಲು ದೀರ್ಘ ಓಟ ಬೇಕು, ಅದು ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ, ಅದಕ್ಕೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಆಯಿಲಿಗೆ ಇಳಿದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತ ಹೋಗುತ್ತದೆ. ಆಯಿಲ್ ಕಡಿಮೆಯಾದರೆ ಹೆದರುವ ನಾವು ಹೆಚ್ಚಾದರೆ ಹೆದರುವುದನ್ನು ಕಲಿತಿಲ್ಲ.

ಹಾಗಾಗಿ ನಾನೀಗ ‘ಎಷ್ಟು ಓಡಿದೆ’ ಎಂದು ಕೇಳುವುದಕ್ಕಿಂತ ಮೊದಲು ‘ದಿನಾ ಎಲ್ಲಿಗೆ ಓಡಿಸುತ್ತೀರಿ’ ಎಂದು ಕೇಳುತ್ತೇನೆ. ಇದಕ್ಕೆ ಜನ ಸಾಮಾನ್ಯವಾಗಿ ಸಂಕೋಚವಿಲ್ಲದೆ ಉತ್ತರಿಸುತ್ತಾರೆ.

ಇನ್ನು ಬೆಳಗಿನ ಪರೀಕ್ಷೆ. ಮಾಲೀಕರಿಗೆ ಮೊದಲೇ ಫೋನ್ ಮಾಡಿ, ದಯವಿಟ್ಟು ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ; ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಕೀಲಿ ಆನ್ ಮಾಡಿದಾಗ ಆಯಿಲ್ ಒತ್ತಡದ ದೀಪ, ಚೆಕ್ ಎಂಜಿನ್ ದೀಪ ಎರಡೂ ಒಮ್ಮೆ ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಿಕೊಳ್ಳದ ದೀಪ ಉರಿಯುತ್ತಿರುವ ದೀಪಕ್ಕಿಂತ ಕೆಟ್ಟ ಸುದ್ದಿ, ಏಕೆಂದರೆ ಅದನ್ನು ಯಾರೋ ಸುಮ್ಮನಾಗಿಸಿರಬಹುದು. ಆಮೇಲೆ ಕಿವಿಗೆ ಕೆಲಸ. ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಮೇಲಿನ ವಾಲ್ವುಗಳ ಟಕಟಕ ಸದ್ದು ಎಂಜಿನ್ನಿನ ಓಟಕ್ಕಿಂತ ನಿಧಾನವಾದ ತಾಳದಲ್ಲಿ ಕೇಳುತ್ತದೆ. ಕೆಳಗಿನಿಂದ ಬರುವ, ಆಕ್ಸಿಲರೇಟರ್ ಒತ್ತಿದಾಗ ಗಾಢವಾಗುವ, ಮರದ ಸುತ್ತಿಗೆಯಿಂದ ಗುದ್ದಿದಂಥ ಸದ್ದು ಬೇರಿಂಗಿನದು. ಮೊದಲನೆಯದನ್ನು ಕೇಳಿದರೆ ಇನ್ನಷ್ಟು ವಿಚಾರಿಸುತ್ತೇನೆ. ಎರಡನೆಯದನ್ನು ಕೇಳಿದರೆ ಧನ್ಯವಾದ ಹೇಳಿ ಹೊರಡುತ್ತೇನೆ.

ಹೊಗೆಯ ಬಣ್ಣದ ಪಾಠ ಎಲ್ಲರಿಗೂ ಗೊತ್ತಿರುವಂಥದು, ಆದರೆ ಬಣ್ಣದಷ್ಟೇ ಮುಖ್ಯ ಅದು ಕಾಣಿಸುವ ಸಮಯ. ನೀಲಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ಹೋದರೆ, ಅಥವಾ ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದರೆ, ವಾಲ್ವಿನ ಸೀಲುಗಳಿಂದ ಆಯಿಲ್ ಇಳಿಯುತ್ತಿರಬಹುದು. ಅದು ಸಹಿಸಬಹುದಾದ ರಿಪೇರಿ. ಏರಿನಲ್ಲಿ ಭಾರ ಎಳೆಯುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗುಗಳ ಮೇಲೆ, ಟರ್ಬೊ ಇದ್ದರೆ ಅದರ ಮೇಲೂ ಅನುಮಾನ ಹೋಗುತ್ತದೆ. ತಣ್ಣಗಿನ ಬೆಳಗಿನಲ್ಲಿ ತೆಳುವಾದ ಬಿಳಿ ಆವಿ ಕಂಡು ಹೆದರಬೇಕಿಲ್ಲ, ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಒಳಗೆ ಉರಿಯುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಯಂತ್ರಗಳು ಹೇಳುವುದು

ಸ್ಕ್ಯಾನರ್ ಹಾಕಿ ದೋಷದ ಕೋಡ್ ಇಲ್ಲವೆಂದು ತೋರಿಸಿದರೆ ಹೆಚ್ಚಿನವರು ಸಮಾಧಾನಗೊಳ್ಳುತ್ತಾರೆ. ಕೋಡುಗಳನ್ನು ಅಳಿಸುವುದು ಅದೇ ಸ್ಕ್ಯಾನರಿನ ಒಂದು ಗುಂಡಿಯ ಕೆಲಸ. ಅಳಿಸಿದವರಿಗೆ ನೆನಪಾಗದ ಸಂಗತಿಯೆಂದರೆ, ಕಾರಿನ ದೋಷಗಳನ್ನು ತಾನೇ ಪತ್ತೆಹಚ್ಚುವ ಒಬಿಡಿ ವ್ಯವಸ್ಥೆಯ ಸ್ವಯಂ ಪರೀಕ್ಷೆಗಳೂ ಆಗ ‘ಪೂರ್ಣಗೊಂಡಿಲ್ಲ’ ಎಂಬ ಸ್ಥಿತಿಗೆ ಮರಳುತ್ತವೆ, ಕೆಲವು ದಿನಗಳ ಸಹಜ ಓಟದ ನಂತರವೇ ಅವು ಪೂರ್ಣವಾಗುತ್ತವೆ. ಹೆಚ್ಚಿನ ಕಾರುಗಳು ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಬಾರಿ ಎಂಜಿನ್ ತಣ್ಣಗಿದ್ದು ಬಿಸಿಯಾಗಿದೆ ಎಂಬುದನ್ನೂ ಎಣಿಸಿಟ್ಟಿರುತ್ತವೆ. ಕಾರು ತೋರಿಸುವ ಹಿಂದಿನ ದಿನವಷ್ಟೇ ನೆನಪು ಅಳಿಸಲ್ಪಟ್ಟಿದ್ದರೆ, ಬ್ಯಾಟರಿ ಬದಲಿಸಿದ ಕಾರಣವೂ ಇರಬಹುದು. ಕೇಳಬೇಕು, ಒಂದು ವಾರ ಬಿಟ್ಟು ಮತ್ತೆ ನೋಡಲು ಒಪ್ಪುತ್ತಾರೆಯೇ ಎಂದೂ ಕೇಳಬೇಕು.

ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದೆಂದು ನನ್ನ ಅಭಿಪ್ರಾಯ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಒತ್ತಡ ಸಿಗುತ್ತದೆ, ಆದರೆ ಅಂಕಿಗಿಂತ ಹೆಚ್ಚು ಮಾತಾಡುವುದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ನಾಲ್ಕರಲ್ಲಿ ಒಂದು ಮಾತ್ರ ಬಹಳ ಹಿಂದುಳಿದಿದ್ದರೆ ಅದರೊಳಗೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಸೋರಿಕೆ ರಿಂಗುಗಳಲ್ಲಿ, ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ. ಒಂದು ಗಂಟೆಯ ಕೆಲಸ. ಇದಕ್ಕೆ ಮಾಲೀಕರು ಒಪ್ಪದಿದ್ದರೆ ಅವರ ಮೇಲೆ ಕೋಪಿಸಿಕೊಳ್ಳುವುದು ಬೇಡ, ಕಾರನ್ನು ಬಿಟ್ಟುಬಿಡುವುದು ಒಳ್ಳೆಯದು.

ನಾನು ಬೇಡವೆಂದ ಕಾರು

ಚೈನ್ ಬಡಿಯುವ ಆ ಕಾರನ್ನು ಕೊಳ್ಳುವ ಹತ್ತು ದಿನ ಮೊದಲು ನಾನು ಇನ್ನೊಂದು ಕಾರನ್ನು ನೋಡಿ ಬಿಟ್ಟು ಬಂದಿದ್ದೆ. ಇಷ್ಟು ವರ್ಷಗಳ ನಂತರವೂ ಮನಸ್ಸು ಹೋಗುವುದು ಅಲ್ಲಿಗೇ. ಅದು ಮೀಟರಿನಲ್ಲಿ 1,80,000 ಕಿ.ಮೀ. ದಾಟಿತ್ತು, ಬಣ್ಣ ಅಲ್ಲಲ್ಲಿ ಮಾಸಿತ್ತು. ಮಾಲೀಕರು ನಿವೃತ್ತ ಶಿಕ್ಷಕರು. ಸೀಟಿನ ಪಕ್ಕದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿತ್ತರು. ಹದಿಮೂರು ವರ್ಷಗಳ ಕಾಲ ಆಯಿಲ್ ಬದಲಿಸಿದ ದಿನ, ಮೀಟರಿನ ಅಂಕಿ, ಹಾಕಿದ ಆಯಿಲಿನ ದರ್ಜೆ, ಟೈಮಿಂಗ್ ಬೆಲ್ಟ್ ಎರಡು ಬಾರಿ ಬದಲಿಸಿದ ದಾಖಲೆ, ಎಲ್ಲವೂ ಒಂದೇ ಕೈಬರಹದಲ್ಲಿ, ಆದರೆ ಬೇರೆ ಬೇರೆ ಪೆನ್ನುಗಳ ಬೇರೆ ಬೇರೆ ಶಾಯಿಯಲ್ಲಿ ಇತ್ತು. “ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಆಯಿಲ್ ಕುಡಿಯುತ್ತದೆ. ಎರಡು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್. ನಾಲ್ಕು ವರ್ಷದಿಂದ ಅಷ್ಟೇ ಇದೆ, ಹೆಚ್ಚಾಗಿಲ್ಲ. ನೋಡಿ, ಇಲ್ಲಿ ಬರೆದಿದ್ದೇನೆ” ಎಂದು ಪುಟ ತಿರುವಿ ತೋರಿಸಿದರು.

ನಾನು ಕೇಳಿಸಿಕೊಂಡದ್ದು ‘ಆಯಿಲ್ ಕುಡಿಯುತ್ತದೆ’ ಎಂಬ ಎರಡೇ ಪದಗಳನ್ನು. ಎಂಜಿನ್ ಹೋಗಿದೆ ಎಂದುಕೊಂಡು, ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೆ, ಕೆಲವು ಎಂಜಿನ್ನುಗಳಿಗೆ ಅದಕ್ಕೂ ಹೆಚ್ಚು ಆಯಿಲ್ ಖರ್ಚಾಗುವುದನ್ನು ಸಹಜವೆಂದೇ ಬರೆದಿರುತ್ತವೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ವರ್ಷ ಬದಲಾಗದೆ ನಿಂತ ದೋಷವೆಂದರೆ ಅಳತೆಗೆ ಸಿಕ್ಕ ದೋಷ ಎಂಬುದು ಹೊಳೆಯಲಿಲ್ಲ. ಆಯಿಲ್ ಕುಡಿಯುವ ಎಂಜಿನ್ ಹಾಳಾಗುವುದು ಬಹುಮಟ್ಟಿಗೆ ಅದು ಕುಡಿಯುವುದರಿಂದಲ್ಲ, ಯಾರೂ ನೋಡದೆ ಮಟ್ಟ ಇಳಿದುಹೋಗುವುದರಿಂದ. ಆ ಶಿಕ್ಷಕರು ಪ್ರತಿ ತಿಂಗಳು ಡಿಪ್‌ಸ್ಟಿಕ್ ತೆಗೆದು ನೋಡಿ ಬರೆದಿಟ್ಟಿದ್ದರು. ಬಾಯಿಬಿಟ್ಟು ಹೇಳಿದ ಒಂದು ಸಣ್ಣ ದೋಷಕ್ಕೆ ಹೆದರಿ, ಏನನ್ನೂ ಹೇಳದ ಹೊಳಪಿಗೆ ಹೆಚ್ಚು ಹಣ ಕೊಟ್ಟು ಬಂದೆ. ಅವರು ಸತ್ಯ ಹೇಳಿದ್ದಕ್ಕೆ ನಾನು ಕೊಟ್ಟ ಪ್ರತಿಫಲ ಅವರ ಕಾರನ್ನು ತಿರಸ್ಕರಿಸಿದ್ದು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಮುಂದೆ ಬಂದ ಇನ್ನೊಬ್ಬರಿಗೆ ಅವರು ಅಷ್ಟೇ ಮುಕ್ತವಾಗಿ ಪುಟ ತಿರುವಿ ತೋರಿಸಿರಬಹುದೇ, ಇಲ್ಲವೇ ನನ್ನಂಥವರ ಮುಖ ನೋಡಿ ನೋಡಿ ಆ ಮಾತನ್ನು ಬಿಟ್ಟಿರಬಹುದೇ ಎಂದು ಆಗಾಗ ಯೋಚಿಸುತ್ತೇನೆ. ಕೊಳ್ಳುವವರು ದೋಷ ಹೇಳಿದವರನ್ನೇ ಬಿಟ್ಟು ಹೋಗುತ್ತಿದ್ದರೆ, ಮಾರುವವರು ಬಾನೆಟ್ ತೊಳೆಯುವುದನ್ನು ಕಲಿಯುತ್ತಾರೆ.

ಚೈನ್ ಬದಲಿಸಿದ ನನ್ನ ಕಾರು ಇನ್ನೂ ಆರು ವರ್ಷ ನನ್ನೊಂದಿಗಿತ್ತು. ಮಾರುವ ಕಾಲ ಬಂದಾಗ ಒಬ್ಬ ಯುವಕ ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದ. ಹಿಂದಿನ ಸಂಜೆಯಿಂದ ನಾನು ಕಾರನ್ನು ಮುಟ್ಟಿರಲಿಲ್ಲ, ತೊಳೆದೂ ಇರಲಿಲ್ಲ. ಚೈನಿನ ರಸೀದಿ, ಸವೆದ ಹಳೆಯ ಟೆನ್ಷನರ್, ಆರು ವರ್ಷಗಳ ಆಯಿಲಿನ ಲೆಕ್ಕ ಬರೆದ ನೋಟ್‌ಬುಕ್ ಮೂರನ್ನೂ ಮುಂದಿನ ಸೀಟಿನ ಮೇಲೆ ಇಟ್ಟಿದ್ದೆ. ಆತ ಬಂದವನೇ ಟೈರು ನೋಡಿದ, ಬಾಗಿಲು ತೆರೆದು ಮುಚ್ಚಿದ, ಮೀಟರಿನ ಅಂಕಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ, ಕೀಲಿಗೆ ಕೈಚಾಚಿದ. “ಸ್ವಲ್ಪ ತಾಳಿ,” ಎಂದೆ, “ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಮೂರು ಸೆಕೆಂಡು ಇಬ್ಬರೂ ಮಾತಾಡುವುದು ಬೇಡ.”